ಬೋಗುಣಿಯ ಮೇಲಿನ ಹೆಸರು

ನಾನು ಒಂದು ತಾಮ್ರದ ಬೋಗುಣಿ. ಅಗಲ ಬಾಯಿ, ಗಿಡ್ಡ ಮೈ, ದಪ್ಪ ತಳ. ನನ್ನ ಜೊತೆಯಲ್ಲೇ ಹುಟ್ಟಿದ ಮುಚ್ಚಳವೊಂದು ನನಗಿತ್ತು. ಬೇರೆ ಮುಚ್ಚಳಗಳಂತೆ ಅದು ಉಬ್ಬಿರಲಿಲ್ಲ. ತಟ್ಟೆಯ ಹಾಗೆ ಚಪ್ಪಟೆಯಾಗಿ, ಸುತ್ತಲೂ ಎರಡು ಬೆರಳಿನಷ್ಟು ಎತ್ತರದ ಅಂಚಿತ್ತು. ಆ ಅಂಚಿನೊಳಗೆ ಕೆಂಡ ತುಂಬಬೇಕು. ಕೆಳಗೆ ಸ್ವಲ್ಪ ಕೆಂಡ, ಮೇಲೆ ಹೆಚ್ಚು ಕೆಂಡ, ನಡುವೆ ನಾನು. ವಿದ್ಯುತ್ ಒಲೆಗಳು ಬರುವ ಮೊದಲು ಕೇಕು ಬೇಯುತ್ತಿದ್ದುದು ಹೀಗೆ.

ನನ್ನನ್ನು ಬಡಿದು ಮಾಡಿದವನು ಗದಗಿನ ಒಬ್ಬ ತಾಮ್ರಗಾರ. ಮಾಡಿಸಿದವರು ಬೆಟಗೇರಿಯ ಕನ್ನಡ ಶಾಲೆಯ ರಾಹೇಲವ್ವ ಅಕ್ಕೋರು. ಅವರು ಅಂಗಡಿಯ ಧೂಳು ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು, ತೋರುಬೆರಳಿನಿಂದ ನನ್ನ ಆಕಾರವನ್ನು ಬರೆದು ತೋರಿಸಿದರು. ಒಂದನೇ ಇಯತ್ತೆಯ ಮಕ್ಕಳಿಗೆ ಮರಳಿನ ಮೇಲೆ ಬೆರಳು ಹಿಡಿದು ಅಕ್ಷರ ತಿದ್ದಿಸುವ ಕೈ ಅದು. ತಾಮ್ರಗಾರ ಕೊಡುವ ಮೊದಲು ನನ್ನ ಬಾಯಿಯ ಸುತ್ತ ಇನ್ನೊಮ್ಮೆ ಅರ ಹಾಕಿದ. "ಅಕ್ಕೋರ ಕೈ ಕೊರೀಬಾರದು" ಎಂದ. ನನ್ನ ಬಾಳಿನಲ್ಲಿ ನಾನು ಕಂಡ ಮೊದಲ ಒಳ್ಳೆಯತನ ಅದು.

ಚರ್ಚಿನ ಹಿಂದಿನ ಓಣಿಯಲ್ಲಿ ಅಕ್ಕೋರ ಮನೆ. ವರ್ಷವೆಲ್ಲ ನಾನು ಅಡುಗೆಮನೆಯ ಹಲಗೆಯ ಮೇಲೆ ಬೋರಲು ಬಿದ್ದಿರುತ್ತಿದ್ದೆ. ಕ್ರಿಸ್‌ಮಸ್ ಹತ್ತಿರ ಬಂದಾಗ ಹಿತ್ತಲಲ್ಲಿ ಬಚ್ಚಲ ನೀರು ಕುಡಿದು ಬೆಳೆದ ಬಳ್ಳಿಯಿಂದ ಕೆಂಪು ಕುಂಬಳಕಾಯಿ ಇಳಿಯುತ್ತಿತ್ತು. ಜೊತೆಗೆ ನಾನೂ ಹಲಗೆಯಿಂದ ಇಳಿಯುತ್ತಿದ್ದೆ. ಕುಂಬಳಕಾಯಿಯನ್ನು ತುರಿದು ತುಪ್ಪದಲ್ಲಿ ನೀರಾರುವವರೆಗೆ ಹುರಿದು, ಬೆಲ್ಲ, ಮೊಸರಿನಲ್ಲಿ ನೆನೆದ ರವೆ, ಕಾಯಿತುರಿ, ಯಾಲಕ್ಕಿ ಕೂಡಿಸಿ ನನ್ನೊಳಗೆ ಸುರಿಯುತ್ತಿದ್ದರು. ತಳಕ್ಕೆ ಬಾಳೆಎಲೆ. ಹಬ್ಬದ ಮರುದಿನವೂ ಓಣಿಯವರು ಆ ಕೇಕಿನ ಮಾತನ್ನೇ ಆಡುತ್ತಿದ್ದರು. ರಾಹೇಲವ್ವನ ಕೇಕು ಎಂದೇ ಅದಕ್ಕೆ ಹೆಸರು.

ಅವರಿಗೆ ಇಬ್ಬರು ಮಕ್ಕಳು. ಹಿರಿಯವನು ಜಯರಾಜ, ರೈಲ್ವೆಯಲ್ಲಿ ಗುಮಾಸ್ತ. ಕಿರಿಯವಳು ಕೃಪಾ. ಸಣ್ಣವಳಿದ್ದಾಗ ಕೃಪಾ ನನ್ನೊಳಗೆ ತಲೆ ಹಾಕಿ ಹಸಿ ಹಿಟ್ಟನ್ನು ಬಳಿದು ನೆಕ್ಕುತ್ತಿದ್ದಳು. ಅವಳ ಜಡೆಯ ತುದಿ ನನ್ನ ಮೈಗೆ ತಾಗುತ್ತಿತ್ತು. ಮುಂದೆ ಅವಳು ಮದುವೆಯಾಗಿ ಹುಬ್ಬಳ್ಳಿಗೆ ಹೋದಳು.

ಜಯರಾಜನ ಹೆಂಡತಿಯಾಗಿ ಹಾವೇರಿಯಿಂದ ಬಂದವಳು ಪ್ರಮೋದಿನಿ. ತಾಯಿಯಿಲ್ಲದ ಹುಡುಗಿ, ಚಿಕ್ಕಪ್ಪನ ಮನೆಯಲ್ಲಿ ಬೆಳೆದವಳು. ನಮ್ಮ ಕಡೆ ಮದುವೆಯಾದ ಹೆಣ್ಣು ಹೆಸರು ಹಾಕಿಸಿದ ಭಾಂಡೆ ಸಾಮಾನು ತರುತ್ತಾಳೆ. ಪ್ರಮೋದಿನಿ ತಂದದ್ದು ಒಂದು ಟ್ರಂಕು ಬಟ್ಟೆ ಮಾತ್ರ. ಆ ಅಡುಗೆಮನೆಯ ತಂಬಿಗೆಯ ಮೇಲೆ ಅತ್ತೆಯ ಹೆಸರು, ತಾಟುಗಳ ಮೇಲೆ ಅತ್ತೆಯ ಅತ್ತೆಯ ಹೆಸರು, ಡಬ್ಬಿಗಳ ಮೇಲೆ ಕೃಪಾಳ ಮದುವೆಗೆ ಉಡುಗೊರೆ ಕೊಟ್ಟವರ ಹೆಸರು. ನನ್ನ ಮೇಲೆ ಮಾತ್ರ ಯಾರ ಹೆಸರೂ ಇರಲಿಲ್ಲ. "ಇದು ಯಾರದಂತ ಊರಿಗೇ ಗೊತ್ತೈತಿ, ಬರಿಯೂದ್ಯಾಕ?" ಎನ್ನುತ್ತಿದ್ದರು ರಾಹೇಲವ್ವ.

ಪ್ರಮೋದಿನಿ ಮೂರನೆಯ ವರ್ಷಕ್ಕೆ ಕೇಕು ಕಲಿತಳು. ಹತ್ತನೆಯ ವರ್ಷಕ್ಕೆ ಅತ್ತೆಯನ್ನು ಮೀರಿಸಿದಳು. ಹೊಸಬರೆಲ್ಲ ಮಾಡುವ ತಪ್ಪೆಂದರೆ ಕೆಳಗೆ ಹೆಚ್ಚು ಕೆಂಡ ಹಾಕುವುದು. ಆಗ ತಳ ಸೀದು ನಡು ಹಸಿ ಉಳಿಯುತ್ತದೆ. ಅವಳು ಕಿವಿಯನ್ನು ನನ್ನ ಹತ್ತಿರ ತಂದು ಆಲಿಸುತ್ತಿದ್ದಳು. ಒಳಗಿನ ಸುಯ್ ಸದ್ದು ನಿಂತಾಗ ಕೆಂಡವನ್ನು ಎಳೆಯುತ್ತಿದ್ದಳು. ಬಿಸಿ ಇದ್ದಾಗ ಒಂದು ದಿನವೂ ನನ್ನ ಮೇಲೆ ತಣ್ಣೀರು ಹಾಕಿದವಳಲ್ಲ. ಅತ್ತೆಗೆ ಇಷ್ಟವೆಂದು ತಳ ಹತ್ತಿದ ಗರಿಗರಿ ಪದರವನ್ನು, ಆ ಹೊಪ್ಪಳಿಕೆಯನ್ನು ಬಿಡಿಸಿ ಬೇರೆ ಬಟ್ಟಲಲ್ಲಿ ತೆಗೆದಿಡುತ್ತಿದ್ದಳು. ಹೀಗೆ ಇಪ್ಪತ್ತೆರಡು ಹಬ್ಬಗಳು. ಜನ ಮಾತ್ರ ಆಗಲೂ ರಾಹೇಲವ್ವನ ಕೇಕು ಎನ್ನುತ್ತಿದ್ದರು. ಅವಳು ನಕ್ಕು ಇನ್ನೊಂದು ತುಂಡು ಬಡಿಸುತ್ತಿದ್ದಳು.

ಅಷ್ಟು ಹೊತ್ತಿಗೆ ಅಕ್ಕೋರಿಗೆ ಪೊರೆ ಬಂದು ಕಣ್ಣು ಮಂಜಾಗಿತ್ತು. ಬೆಳಕು ನೆರಳು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಆ ವರ್ಷ ಹಬ್ಬದ ಹಿಂದಿನ ದಿನ ಬೆಳಿಗ್ಗೆ ನಾನು ಕೆಂಡದ ನಡುವೆ ಕುಳಿತಿದ್ದಾಗ ಅವರು ಗೋಡೆ ಹಿಡಿದು ಬಂದು ಸೊಸೆಯ ಪಕ್ಕ ಮಣೆಯ ಮೇಲೆ ಕುಳಿತರು.

"ನಾಳೆ ಎಲ್ಲಾರ ಮುಂದ ಈ ಬೋಗುಣಿ ನಿನ್ನ ಕೈಯಾಗ ಇಡತೀನಿ" ಎಂದರು.

"ಈಗೂ ನನ್ನ ಕೈಯಾಗ ಐತೆಲ್ರಿ ಅತ್ತಿ" ಎಂದು ಪ್ರಮೋದಿನಿ ನಕ್ಕಳು.

"ಇರೂದು ಬ್ಯಾರೆ, ಕೊಡೂದು ಬ್ಯಾರೆ. ನಿನ್ನ ಹೆಸರು ಹಾಕಿಸಿ ಕೊಡತೀನಿ."

ಪ್ರಮೋದಿನಿ ಮುಚ್ಚಳದ ಮೇಲಿನ ಕೆಂಡವನ್ನು ಅಗತ್ಯವಿಲ್ಲದಿದ್ದರೂ ಒಮ್ಮೆ ಸರಿಮಾಡಿದಳು. ಸೆರಗಿನಿಂದ ಮೂಗು ಒರೆಸಿಕೊಂಡು, "ಹೊಗಿ ಬಾಳ ಆತು ಇವತ್ತ" ಎಂದಳು. ಹೊಗೆ ಇರಲಿಲ್ಲ.

ಕೇಕನ್ನು ತಾಟಿಗೆ ಬೋರಲು ಹಾಕಿ, ನನ್ನನ್ನು ಹುಣಸೆಹಣ್ಣಿನಿಂದ ತಿಕ್ಕಿ ತೊಳೆದವಳು ಅವಳೇ. ಅಷ್ಟು ಹೊತ್ತು, ಅಷ್ಟು ಮೆತ್ತಗೆ ಯಾರೂ ನನ್ನನ್ನು ತಿಕ್ಕಿರಲಿಲ್ಲ.

ಹಬ್ಬಕ್ಕೆಂದು ಕೃಪಾ ಹುಬ್ಬಳ್ಳಿಯಿಂದ ಬಂದಿದ್ದಳು. ಮಧ್ಯಾಹ್ನ ಅವಳು ಬಳೆ ಕೊಳ್ಳಲು ಪೇಟೆಗೆ ಹೊರಟಾಗ ತಾಯಿ ನನ್ನನ್ನು ಅವಳ ಕೈಗೆ ಕೊಟ್ಟರು. "ಭಾಂಡೆ ಅಂಗಡ್ಯಾಗ ವೈನಿ ಹೆಸರು ಹಾಕಿಸ್ಕೊಂಡ ಬಾ. ಪ್ರಮೋದಿನಿ ಅಂತ ಪೂರಾ ಬರಸು."

"ಬೋಗುಣಿ ವೈನೀಗೆ ಕೊಡತೀ ಏನವಾ?"

"ಮತ್ತ ಯಾರಿಗೆ ಕೊಡಲಿ? ನಿಮ್ಮನ್ಯಾಗ ಓವನ್ ಐತೆಲ್ಲ."

ಕೃಪಾ ನನ್ನನ್ನು ಚೀಲದಲ್ಲಿ ಹಾಕಿಕೊಂಡಳು. ಅಂಗಡಿಯವನು ಹೆಸರು ಕೊರೆಯುವ ಪುಟ್ಟ ಯಂತ್ರವನ್ನು ಹಿಡಿದು ಕೇಳಿದ: "ಯಾರ ಹೆಸರು ಹಾಕೂದ್ರಿ?"

ಕೆಳಗಿನಿಂದ ನನಗೆ ಅವಳ ಗದ್ದ ಮಾತ್ರ ಕಾಣುತ್ತಿತ್ತು. ನನ್ನ ಒಳಮೈಯನ್ನು ಬೆರಳಿನಿಂದ ಒಮ್ಮೆ ಬಳಿದಳು, ಹಿಟ್ಟು ಬಳಿದಂತೆ. ಆಮೇಲೆ ಹೇಳಿದಳು: "ಕೃಪಾ ಅಂತ ಹಾಕ್ರಿ."

ಯಂತ್ರ ಟರ್ ಟರ್ ಎಂದಿತು. ಬಾಯಿಯ ಅಂಚಿನ ಕೆಳಗೆ ಚುಕ್ಕೆ ಚುಕ್ಕೆಯಾಗಿ ಸುಳ್ಳು ನನ್ನ ಮೈಮೇಲೆ ಏರಿತು. ತಾಮ್ರಕ್ಕೆ ಸುತ್ತಿಗೆಯ ಪೆಟ್ಟು ಹೊಸದಲ್ಲ. ಆದರೆ ಸುತ್ತಿಗೆ ನನಗೆ ಆಕಾರ ಕೊಟ್ಟಿತ್ತು. ಈ ಸೂಜಿ ನನ್ನನ್ನು ಬಳಸಿಕೊಂಡಿತು.

ನನಗಿನ್ನೂ ಒಂದು ಭರವಸೆ ಇತ್ತು. ಸಂಜೆ ರಾಹೇಲವ್ವ ನನ್ನನ್ನು ತೊಡೆಯ ಮೇಲಿಟ್ಟುಕೊಂಡು ಹೆಸರನ್ನು ಹುಡುಕಿದರು. ಸಾವಿರ ಮಕ್ಕಳ ಬೆರಳು ಹಿಡಿದು ಅಕ್ಷರ ತಿದ್ದಿಸಿದ ತೋರುಬೆರಳು ಚುಕ್ಕೆಗಳ ಮೇಲೆ ಹೊರಟಿತು. ನಾಲ್ಕು ಅಕ್ಷರ ಇರಬೇಕಾದಲ್ಲಿ ಎರಡೇ ಇದ್ದವು. ಬೆರಳು ನಿಂತಿತು. ಮೊದಲಿನಿಂದ ಮತ್ತೆ ಹೊರಟಿತು. ಈ ಸಲ ನಿಧಾನವಾಗಿ, ಪ್ರತಿ ಸುಳಿ, ಪ್ರತಿ ಗೆರೆ ಬಿಡದೆ. ಮತ್ತೆ ಅಲ್ಲೇ ನಿಂತಿತು. ಎದುರಿಗೆ ಕೃಪಾ ಹೊಸ ಬಳೆಗಳನ್ನು ಕೈಗೆ ಏರಿಸುತ್ತಾ ಕುಳಿತಿದ್ದಳು. ಬಳೆಯ ಸದ್ದು ನಿಂತುಹೋಯಿತು.

"ಛಲೋ ಆಗೇತಿ" ಎಂದರು ರಾಹೇಲವ್ವ. ನನ್ನನ್ನು ಟವೆಲಿನಲ್ಲಿ ಸುತ್ತಿ ತಮ್ಮ ಮಂಚದ ಕೆಳಗೆ ಇಟ್ಟುಕೊಂಡರು.

ಅಕ್ಕೋರು ಹೊತ್ತು ನೋಡಿ ಮಗಳಿಗೆ ಬುದ್ಧಿ ಹೇಳುತ್ತಾರೆ, ಬೆಳಿಗ್ಗೆ ಚರ್ಚಿಗೆ ಹೋಗುವ ಮೊದಲು ಸೊಸೆಯನ್ನು ಕರೆದು ನಡೆದದ್ದನ್ನು ತಿಳಿಸುತ್ತಾರೆ ಎಂದು ನಾನು ಟವೆಲಿನೊಳಗೆ ಕಾದೆ. ಅವರು ಚರ್ಚಿಗೆ ಹೋದರು, ಬಂದರು. ಏನೂ ಹೇಳಲಿಲ್ಲ.

ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ನಲವತ್ತು ಜನ ಸೇರಿದರು. ಕಾಗದದ ನಕ್ಷತ್ರದ ಕೆಳಗೆ ಜಮಖಾನೆ ಹಾಸಿತ್ತು, ಮಧ್ಯದಲ್ಲಿ ತಾಟಿನ ತುಂಬ ಕೇಕು. ಅಕ್ಕೋರ ತಮ್ಮ ಸಮುವೇಲ ಮಾಸ್ತರರು, "ಲಗೂ ಕೊಯ್ರಿ. ಈ ಕೇಕಿನ ಸಲುವಾಗೇ ನಾನು ಇನ್ನೂ ಹೋಗಿಲ್ಲ" ಎಂದರು. "ನಿಮ್ಮನ್ನ ಕರಕೊಂಡ ಹೋಗಾಕ ದೇವರೂ ಹೆದರತಾನ್ರಿ, ಅಲ್ಲೂ ಕೇಕು ಕೇಳ್ತೀರಿ ಅಂತ" ಎಂದು ಯಾರೋ ನಗಿಸಿದರು.

ರಾಹೇಲವ್ವ ನನ್ನನ್ನು ಎದೆಗೆ ಒತ್ತಿಕೊಂಡು ನಿಂತರು. "ನನ್ನ ಕಣ್ಣು ಹೋಗ್ಯಾವು. ಇನ್ನ ಈ ಬೋಗುಣಿ ನಾ ಇಟಗೊಳ್ಳೂದಿಲ್ಲ. ಯಾರಿಗೆ ಅಂತ ಇದರ ಮ್ಯಾಲ ಬರಸೇನಿ. ಸಮುವೇಲಾ, ಓದು."

ಪ್ರಮೋದಿನಿ ಕೈಯನ್ನು ಸೀರೆಗೆ ಒರೆಸಿಕೊಂಡು ಜಮಖಾನೆಯ ಅರ್ಧದವರೆಗೆ ಬಂದಿದ್ದಳು. ಎರಡೂ ಕೈ ಮುಂದಕ್ಕೆ ಚಾಚಿದ್ದವು.

ಮಾಸ್ತರರು ಕನ್ನಡಕ ಏರಿಸಿ, ಶಾಲೆಯಲ್ಲಿ ಹಾಜರಿ ಕೂಗುವ ದನಿಯಲ್ಲಿ ಓದಿದರು: "ಕೃಪಾ."

ಯಾರೋ ಚಪ್ಪಾಳೆ ತಟ್ಟಿದರು. ಜಯರಾಜ ಮಾತ್ರ ತಾಯಿಯ ಕಡೆ ತಿರುಗಿದ. "ಅವ್ವಾ, ಕೃಪಾಗೇನ?"

ಒಂದೇ ಒಂದು ಮಾತು ಸಾಕಿತ್ತು. ರಾಹೇಲವ್ವ ಆ ಮಂಜು ಕಣ್ಣುಗಳನ್ನು ಮಗ ನಿಂತ ಕಡೆಗೂ ಸೊಸೆ ನಿಂತ ಕಡೆಗೂ ತಿರುಗಿಸದೆ ನೇರ ಮುಂದೆ ಇಟ್ಟು, "ಹೂಂ. ಕೃಪಾಗ" ಎಂದರು.

ಚಾಚಿದ ಕೈಗಳನ್ನು ಪ್ರಮೋದಿನಿ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಹಾಗೇ ಬಗ್ಗಿ, ಚಾಕು ತೆಗೆದುಕೊಳ್ಳಲೆಂದೇ ಬಂದವಳಂತೆ ಚಾಕು ತೆಗೆದುಕೊಂಡಳು. ಕೇಕನ್ನು ನಲವತ್ತು ತುಂಡು ಮಾಡಿದಳು. ಎಲ್ಲ ತುಂಡೂ ಒಂದೇ ಅಳತೆ.

ಜನ ಹೋದ ಮೇಲೆ ರಾಹೇಲವ್ವ ಗೋಡೆ ಹಿಡಿದು ಅಡುಗೆಮನೆಗೆ ಬಂದರು. ನಾನು ಅಲ್ಲೇ ಕಟ್ಟೆಯ ಮೇಲಿದ್ದೆ.

"ಪ್ರಮೋದಿನಿ, ನಾ ನಿನ್ನ ಹೆಸರೇ ಹೇಳಿದ್ದೆ. ಖರೇ."

"ಗೊತ್ತೈತ್ರಿ."

"ಕೈ ಆಡಿಸಿದಾಗ ತಿಳೀತು. ಅಷ್ಟ ಮಂದಿ ಮುಂದ ಮಗಳ ಮಾನ ಹ್ಯಾಂಗ ಕಳೀಲಿ?"

"ನಂದ್ರಿ?"

ಅತ್ತೆ ಕಟ್ಟೆಯ ಅಂಚನ್ನು ಹುಡುಕಿ ಹಿಡಿದುಕೊಂಡರು.

"ನೀ ಗಟ್ಟಿ ಇದ್ದಿ ನಮ್ಮವ್ವ" ಎಂದರು ರಾಹೇಲವ್ವ. "ಆಕಿ ಹಂಗಲ್ಲ."

ಅತ್ತೆ ತಿರುಗಿ ಹೊರಟಾಗ, ಕಾಲಿಗೆ ಎಡವೀತೆಂದು ಪ್ರಮೋದಿನಿ ಬಿಸಿನೀರಿನ ಕೊಡವನ್ನು ದಾರಿಯಿಂದ ಪಕ್ಕಕ್ಕೆ ಸರಿಸಿದಳು.

ಮರುದಿನ ಕೃಪಾ ಹೊರಟಳು. "ಒಳಗ ಕಲಾಯಿ ಹೋಗಾಕತ್ತೈತಿ. ಹುಳಿ ಹಾಕಬ್ಯಾಡ" ಎಂದು ಪ್ರಮೋದಿನಿ ಹೇಳಿದಳು. "ಹೂಂ ವೈನಿ" ಎಂದಳು ಕೃಪಾ, ಚೀಲದ ಹಿಡಿಕೆಯನ್ನು ನೋಡುತ್ತಾ. ನನ್ನ ಮುಚ್ಚಳ ಒಲೆಯ ಹಿಂದೆ ಮೊಳೆಗೆ ತೂಗಿಕೊಂಡೇ ಉಳಿಯಿತು. ಪ್ರಮೋದಿನಿ ಮರೆತಳೋ, ಬೇಕೆಂದೇ ಸುಮ್ಮನಿದ್ದಳೋ ತಿಳಿಯದು. ಬೇಕೆಂದೇ ಆಗಿದ್ದರೆ, ಆ ಮನೆಯಲ್ಲಿ ಅವಳು ತೋರಿದ ಸಣ್ಣತನ ಅದೊಂದೇ.

ಹುಬ್ಬಳ್ಳಿಯಲ್ಲಿ ನನಗೆ ಗಾಜಿನ ಕಪಾಟು ಸಿಕ್ಕಿತು. ಬಂದವರಿಗೆ ಕೃಪಾ "ನಮ್ಮವ್ವ ಕೊಟ್ಟದ್ದು" ಎಂದು ತೋರಿಸುತ್ತಿದ್ದಳು. ಒಮ್ಮೆ ಗ್ಯಾಸಿನ ಮೇಲೆ ಇಟ್ಟು, ಸ್ಟೀಲ್ ತಾಟು ಮುಚ್ಚಿ ಕೇಕು ಮಾಡಲು ನೋಡಿದಳು. ತಳ ಕರಿದಾಯಿತು, ನಡು ಹಸಿಯಾಗಿಯೇ ಉಳಿಯಿತು. ಅಂದು ಅವಳು ನನ್ನ ಮುಂದೆ ಕುಳಿತು ಅತ್ತಳು. ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ.

ಮುಂದಿನ ಹಬ್ಬಕ್ಕೆ ಅವಳು ನನ್ನನ್ನು ಬೆಟಗೇರಿಗೆ ಹೊತ್ತು ತಂದಳು. "ವೈನಿ, ನೀವೇ ಇದರಾಗ ಮಾಡ್ರಿ. ಇದರ ರುಚಿ ಬ್ಯಾರೆ."

"ಇಡವಾ ಅಲ್ಲೆ" ಎಂದಳು ಪ್ರಮೋದಿನಿ, ಹಲಗೆಯನ್ನು ತೋರಿಸಿ.

ನಾನು ಹಲಗೆಯ ಮೇಲಿನಿಂದ ನೋಡಿದೆ. ಅವಳು ಒಂದು ಅಲ್ಯುಮಿನಿಯಂ ಡಬರಿಗೆ ಹಿಟ್ಟು ಸುರಿದಳು. ಮೊಳೆಯಿಂದ ನನ್ನ ಮುಚ್ಚಳವನ್ನು ತೆಗೆದು ಅದರ ಮೇಲಿಟ್ಟಳು. ಅದು ಸರಿಯಾಗಿ ಕೂರಲಿಲ್ಲ. ಸಂದಿಗೆ ಸುತ್ತಲೂ ಗೋದಿ ಕಣಕ ಮೆತ್ತಿದಳು. ನನ್ನ ಮುಚ್ಚಳ ಇನ್ನೊಂದು ಪಾತ್ರೆಯ ತಲೆಯ ಮೇಲೆ ಕೆಂಡ ಹೊತ್ತು ಕೆಂಪಾಗಿ ಕುಳಿತಿತು. ಇಷ್ಟು ಕಾಲ ರುಚಿ ನನ್ನದೆಂದು ನಾನೂ ನಂಬಿದ್ದೆ. ಪ್ರಮೋದಿನಿ ಕಿವಿ ತಂದು ಆಲಿಸಿದಳು, ಹೊತ್ತಿಗೆ ಸರಿಯಾಗಿ ಕೆಂಡ ಎಳೆದಳು. ಮುಚ್ಚಳ ತೆಗೆದಾಗ ಆ ಹಳೆಯ ಪರಿಮಳವೇ ಮನೆ ತುಂಬಿತು.

ರಾಹೇಲವ್ವ ಹೊಪ್ಪಳಿಕೆಯ ಬಟ್ಟಲು ಮುಗಿಸಿ, "ಅದ ರುಚಿ. ಬೋಗುಣಿ ಕೊಡಿಲ್ಲೆ, ಒಮ್ಮೆ ಮುಟ್ಟತೀನಿ" ಎಂದರು.

ಪ್ರಮೋದಿನಿ ಡಬರಿಯನ್ನು ಅವರ ತೊಡೆಯ ಮೇಲಿಟ್ಟಳು. ಬೆರಳು ಬಾಯಿಯ ಅಂಚಿನ ಕೆಳಗೆ ಹೊರಟಿತು. ಪೂರ್ತಿ ಒಂದು ಸುತ್ತು ಬಂತು. ಎಲ್ಲೂ ಚುಕ್ಕೆ ಸಿಗಲಿಲ್ಲ. ಇನ್ನೊಂದು ಸುತ್ತು ಬಂತು.

"ಇದರ ಮ್ಯಾಲ ಯಾರ ಹೆಸರೂ ಇಲ್ಲ."

"ಇಲ್ರಿ ಅತ್ತಿ."

"ನಾ ಬರಸಿ ಕೊಡತೀನಿ. ನಾಳೇನ. ಸಮುವೇಲನ ಕೂಡ ಕಳಸತೀನಿ."

"ಬ್ಯಾಡ್ರಿ" ಎಂದಳು ಪ್ರಮೋದಿನಿ. ದನಿಯಲ್ಲಿ ಸಿಟ್ಟಿರಲಿಲ್ಲ. ಡಬರಿಯನ್ನು ಮೆಲ್ಲಗೆ ಅವರ ಕೈಯಿಂದ ಬಿಡಿಸಿಕೊಂಡು ತೊಳೆಯಲು ಹೋದಳು.

ಕೃಪಾ ಮರಳಿ ಹೋಗುವಾಗ ಪ್ರಮೋದಿನಿ ನನ್ನೊಳಗೆ ಬಾಳೆಎಲೆ ಹಾಸಿ, ಎಂಟು ತುಂಡು ಕೇಕು ಇಟ್ಟು, ಬಟ್ಟೆ ಕಟ್ಟಿ ಕೊಟ್ಟಳು. ಆ ಮನೆಯಿಂದ ಯಾವ ಪಾತ್ರೆಯೂ ಬರಿದಾಗಿ ಹೋಗುತ್ತಿರಲಿಲ್ಲ. ಬಸ್ಸಿನಲ್ಲಿ ಕೃಪಾ ಗಂಟು ಬಿಚ್ಚಲಿಲ್ಲ.

ಆಮೇಲೆ ನಾನು ಬೆಟಗೇರಿಗೆ ಹೋಗಲಿಲ್ಲ. ರಾಹೇಲವ್ವ ತೀರಿಕೊಂಡು ಬಹಳ ವರ್ಷವಾಯಿತು. ಗಾಜಿನ ಕಪಾಟಿನಿಂದ ನಾನು ಅಟ್ಟಕ್ಕೆ ಏರಿದ್ದೇನೆ. ಒಳಗಿನ ಕಲಾಯಿ ಪೂರ್ತಿ ಹೋಗಿದೆ. ಇನ್ನು ನನ್ನಲ್ಲಿ ಬೇಯಿಸಿದ್ದು ಯಾರೂ ತಿನ್ನುವಂತಿಲ್ಲ. ಒಂದು ಸಲ ಹಳೆಯ ಸಾಮಾನು ಕೊಳ್ಳುವ ಮೋಡಕಾದವನು ಬಂದಾಗ ಕೃಪಾ ನನ್ನನ್ನು ಕೆಳಗಿಳಿಸಿ ತಕ್ಕಡಿಯಲ್ಲಿ ಇಟ್ಟಳು. ಅವನು ಕಲ್ಲು ಏರಿಸುವ ಮೊದಲೇ "ಇರಲಿ ಬಿಡಪ್ಪಾ" ಎಂದು ಎತ್ತಿಕೊಂಡಳು. ಇಟ್ಟುಕೊಳ್ಳಲಾರಳು, ಕೊಡಲಾರಳು.

ಅವಳನ್ನು ನಾನು ಎಂದೋ ಕ್ಷಮಿಸಿದ್ದೇನೆ. ಅಂಗಡಿಯ ಕಟ್ಟೆಯ ಮುಂದೆ ಅವಳಿಗೆ ಯೋಚಿಸಲು ಸಿಕ್ಕಿದ್ದು ಒಂದು ಗಳಿಗೆ. ರಾಹೇಲವ್ವನಿಗೆ ಒಂದು ಇಡೀ ರಾತ್ರಿ ಸಿಕ್ಕಿತ್ತು. ನನ್ನ ಆಕಾರವನ್ನು ಧೂಳಿನಲ್ಲಿ ಮೊದಲು ಬರೆದವರು ಅವರು, ನನಗೆ ತಾಯಿ ಇದ್ದಂತೆ. ಅವರನ್ನು ಕ್ಷಮಿಸಲು ಎಷ್ಟೋ ಸಲ ಕುಳಿತಿದ್ದೇನೆ. ಪ್ರತಿ ಸಲವೂ ಜಮಖಾನೆಯ ಅರ್ಧದಲ್ಲಿ ಚಾಚಿದ ಎರಡು ಕೈಗಳು ಕಾಣುತ್ತವೆ, ನಾನು ಅಲ್ಲಿಗೇ ನಿಲ್ಲುತ್ತೇನೆ.