ನಾನೂರು ಪಾರಿವಾಳ, ಏಳು ಫ್ಯಾನು

ಭಾನುವಾರ ಮಧ್ಯಾಹ್ನದ ಕಾಫಿಗೆ ಬಂದ ಮೊಮ್ಮಗಳು ಮೆರ್ಲೆ ತನ್ನ ಚಿತ್ರ ತೋರಿಸಿ ಮುಗಿಸಿದಾಗ ಎವಾಲ್ಡ್ ಗ್ರಬೋವ್ಸ್ಕಿ ಕೇಳಿದ್ದು ಒಂದೇ ಪ್ರಶ್ನೆ.

"ಉಳಿದ ಪಾರಿವಾಳ ಎಲ್ಲಿ?"

ಅದು ಐದು ನಿಮಿಷದ ಅನಿಮೇಷನ್ ಚಿತ್ರ. ಅದೇ ಮೆರ್ಲೆಯ ಕಾಲೇಜಿನ ಕೊನೆಯ ಪರೀಕ್ಷೆ, ಶುಕ್ರವಾರ ಒಪ್ಪಿಸಬೇಕು. ಅದರಲ್ಲಿ ಕಲ್ಲಿದ್ದಲು ಗಣಿಯಿಂದ ನಿವೃತ್ತನಾದ ಮುದುಕನೊಬ್ಬ ತನ್ನ ಗೂಡಿನ ಬಾಗಿಲನ್ನು ಕೊನೆಯ ಸಲ ತೆರೆಯುತ್ತಾನೆ. ನಾನೂರು ಪಾರಿವಾಳ ಒಟ್ಟಿಗೇ ಎದ್ದು ಹೆರ್ನೆ ಊರಿನ ಆಕಾಶವನ್ನು ಮುಚ್ಚಿಬಿಡುತ್ತವೆ. ಚಳಿಗಾಲದಲ್ಲಿ ಅವಳು ಬರೆದು ತೋರಿಸಿದ್ದು ಹಾಗೆ. ಈಗ ಹಾರಿದ್ದು ಬರೀ ಹನ್ನೆರಡು. ಎವಾಲ್ಡ್ ಎಣಿಸಿದ್ದರು.

"ಕಮ್ಮಿ ಮಾಡ್ದೆ ಅಜ್ಜ," ಎಂದಳು ಮೆರ್ಲೆ, ಕಪ್ಪಿನೊಳಗೆ ನೋಡುತ್ತ. "ನಾನೂರು ಹಾಕಿದ್ರೆ ಕಂಪ್ಯೂಟರು ನಲವತ್ತು ನಿಮಿಷಕ್ಕೆ ಕೆಂಡ ಆಗಿ ಆಫ್ ಆಗ್ಬಿಡತ್ತೆ. ಅಂಗಡಿಗೆ ಫೋನ್ ಮಾಡಿದ್ದೆ. ನಾನೇ ಅಳತೆ ಮೀರಿ ಕೆಲಸ ಹೇರ್ತಿದೀನಂತೆ. ಪಾರಿವಾಳ ಕಮ್ಮಿ ಮಾಡಮ್ಮ ಅಂದ್ರು. ನಂದೇ ತಪ್ಪು ಬಿಡಿ, ನಂಗೆ ಅಂದಾಜು ಸಾಲದು."

ಎವಾಲ್ಡ್ ಕಾಫಿ ಕೆಳಗಿಟ್ಟರು. ಹುಡುಗಿ ತಪ್ಪು ತನ್ನದೆಂದು ನಂಬಿಬಿಟ್ಟಿದ್ದಳು. ಅದನ್ನು ಅವಳ ತಲೆಗೆ ತುಂಬಿದವನ ಮೇಲೆ ಅವರಿಗೆ ಮೈಯೆಲ್ಲ ಉರಿಯಿತು.

ಅವರು ಮೂವತ್ನಾಲ್ಕು ವರ್ಷ ಭೂಮಿಯ ಸಾವಿರ ಮೀಟರ್ ಅಡಿಯಲ್ಲಿ ಮಾಡಿದ್ದು ಗಾಳಿಯ ಕೆಲಸವೊಂದನ್ನೇ. ಎಲ್ಲಿಂದ ಬರುತ್ತದೆ, ಎಲ್ಲಿ ಹೋಗುತ್ತದೆ, ದಾರಿಯಲ್ಲಿ ಯಾರು ಅಡ್ಡ ನಿಂತಿದ್ದಾರೆ ಎಂದು ನೋಡುವುದು. ಗಣಿಯವರು ನೆಲದಡಿಯ ಗಾಳಿಗೆ ಗಾಳಿ ಅನ್ನುವುದಿಲ್ಲ, ಹವಾಮಾನ ಅನ್ನುತ್ತಾರೆ. ಗಣಿ ಮುಚ್ಚಿದರೂ ಆ ಮಾತು ಎವಾಲ್ಡ್ ಬಾಯಿಂದ ಹೋಗಿರಲಿಲ್ಲ.

ಸೋಮವಾರ ಬೆಳಿಗ್ಗೆ ಕಂಪ್ಯೂಟರನ್ನು, ಎವಾಲ್ಡ್ ತಾವು ಸಾಕಿದ ಪಾರಿವಾಳಗಳ ಬುಟ್ಟಿ ಸಾಗಿಸುವ ಕೈಗಾಡಿಯಲ್ಲಿಟ್ಟು ಇಬ್ಬರೂ ಅಂಗಡಿಗೆ ಹೊರಟರು. ಜುಲೈ ಬಿಸಿಲಿಗೆ ರಸ್ತೆಯ ಟಾರು ಮೆತ್ತಗಾಗಿತ್ತು. "ಜಗಳ ಆಡ್ಬಾರ್ದು ಅಜ್ಜ," ಎಂದು ಮೆರ್ಲೆ ದಾರಿಯುದ್ದಕ್ಕೂ ಹೇಳಿದಳು. ಎವಾಲ್ಡ್ ಪ್ರತಿ ಸಲವೂ ಹೂಂಗುಟ್ಟಿದರು.

ಅಂಗಡಿಯ ಮಾಲೀಕ ಲೆನ್ನಾರ್ಟ್ ನಲವತ್ತರ ಆಸುಪಾಸಿನವನು, ಮಾತಿಗೆ ಬೆಣ್ಣೆ ಹಚ್ಚುವುದರಲ್ಲಿ ನಿಸ್ಸೀಮ. ಗೋಡೆ ತುಂಬ ಕಂಪ್ಯೂಟರು ಕೂರಿಸುವ ಗಾಜಿನ ಕ್ಯಾಬಿನೆಟ್‌ಗಳು ನೀಲಿ, ನೇರಳೆ, ಗುಲಾಬಿ ದೀಪದಲ್ಲಿ ಮಿನುಗುತ್ತಿದ್ದವು. ಒಂದೊಂದರ ಮೇಲೂ 'ಮಹಾ ಗಾಳಿ' ಎಂಬ ಚೀಟಿ. ಮೆರ್ಲೆಗೆ ಡಿಸೆಂಬರ್‌ನಲ್ಲಿ ಮಾರಿದ್ದೂ ಅಂಥದೇ; ಎಲ್ಲ ಜೋಡಿಸಿ ಕೊಟ್ಟವನೂ ಇವನೇ.

"ಇದರ ಹವಾಮಾನ ಎಲ್ಲಿಂದ ಒಳಗೆ ಬರುತ್ತಪ್ಪಾ?" ಎಂದು ಎವಾಲ್ಡ್ ಕೇಳಿದರು.

"ಹವಾಮಾನಾನಾ? ಹೊರಗೆ ಮೂವತ್ತಾರು ಡಿಗ್ರಿ ಯಜಮಾನ್ರೇ, ನಾಳೆ ಇನ್ನೂ ಜಾಸ್ತಿಯಂತೆ."

"ಈ ಡಬ್ಬದ ಹವಾಮಾನ ಕಣೋ!"

ಲೆನ್ನಾರ್ಟ್ ನಕ್ಕ. "ಓ, ಗಾಳೀನಾ? ಅದಕ್ಕೇನು ಕಮ್ಮಿ! ಏಳು ಫ್ಯಾನ್ ಇದೆ."

"ಏಳು ಫ್ಯಾನು ಎಣಿಸೋಕೆ ನಂಗೂ ಬರುತ್ತೆ. ಅವು ಮಾಡ್ತಿರೋದೇನು ಅಂತ ಕೇಳ್ದೆ. ಆನ್ ಮಾಡು."

ಎವಾಲ್ಡ್ ಜೇಬಿನಿಂದ ಸಿಗರೇಟು ಸುತ್ತುವ ತೆಳ್ಳನೆಯ ಕಾಗದವೊಂದನ್ನು ತೆಗೆದು ಎರಡು ಬೆರಳಲ್ಲಿ ಇಳಿಬಿಟ್ಟರು. ಮುಂಭಾಗ ಗಾಜು, ಕಾಗದ ಅಲುಗಲಿಲ್ಲ. ಮೇಲ್ಭಾಗವೂ ಗಾಜು. ಹಿಂದಿನ ಫ್ಯಾನಿಗೆ ಹಿಡಿದರೆ ಕಾಗದ ಹೊರಕ್ಕೆ ಹಾರಿತು. ಅದು ಸರಿಯೇ. ಒಂದು ಪಕ್ಕದ ಮೂರಕ್ಕೆ ಹಿಡಿದರು, ಅಲ್ಲೂ ಹೊರಕ್ಕೇ ಹಾರಿತು. ತಳದ ಮೂರನ್ನು ನೋಡಲು ಮಂಡಿಯೂರಿ ಕುಳಿತರು. ಅವೂ ಹೊರಕ್ಕೇ ಊದುತ್ತಿದ್ದವು.

ಅವರು ಏಳಲು ಎರಡು ಸಲ ಪ್ರಯತ್ನಿಸಬೇಕಾಯಿತು. ಮೆರ್ಲೆ ಕೈಕೊಟ್ಟಳು.

"ಏಳಕ್ಕೆ ಏಳೂ ಹೊರಗೆ ದಬ್ತಿವೆ," ಎಂದರು. "ಒಳಗೆ ತರೋದು ಒಂದೂ ಇಲ್ಲ. ಬರೀ ಉಸಿರು ಬಿಡೋದು, ಎಳ್ಕೊಳ್ಳೋದೇ ಇಲ್ಲ. ಇದ್ಯಾಕೆ ಹೀಗೆ ಕೂರ್ಸಿದೆ?"

ಲೆನ್ನಾರ್ಟ್ ತಲೆ ಕೆರೆದುಕೊಂಡ. "ಅದು ಏನಂದ್ರೆ... ಇವು ಬೆನ್ನಿನ ಕಡೆಗೇ ಊದೋದು, ಒಳಕ್ಕೆ ಊದ್ಲಿ ಅಂತ ತಿರುಗಿಸಿ ಹಾಕಿದ್ರೆ ಗಾಜಿಂದ ಫ್ಯಾನಿನ ಬೆನ್ನು ಕಾಣ್ಸತ್ತೆ. ವೈರು, ಕಡ್ಡಿ ಎಲ್ಲ. ದೀಪದ ಮುಖ ಗಾಜಿನ ಕಡೆ ಇದ್ರೇನೇ ನೋಡೋಕೆ ಚೆಂದ. ಗಿರಾಕಿಗಳು ಅದನ್ನೇ ಕೇಳೋದು. ಬಿಸಿ ಆಯ್ತು ಅಂದ್ರೆ ಇನ್ನೊಂದು ಪಕ್ಕದ ಗಾಜು ತೆಗೆದಿಟ್ಟು ಕೆಲಸ ಮಾಡ್ಬಹುದಲ್ಲ?"

ಗಣಿಯಲ್ಲಿ ಎಲ್ಲರೂ ಎಲ್ಲರಿಗೂ 'ನೀನು'. ಮೇಸ್ತ್ರಿಯೂ ಅಷ್ಟೆ, ಎಂಜಿನಿಯರೂ ಅಷ್ಟೆ. ಎವಾಲ್ಡ್ ಬಹುವಚನಕ್ಕೆ ಏರಿದರೆ ಪಿತ್ತ ನೆತ್ತಿಗೇರಿದೆ ಎಂದೇ ಅರ್ಥ, ಅದು ಮನೆಯವರಿಗೆಲ್ಲ ಗೊತ್ತು. ಮೆರ್ಲೆ ಕಣ್ಣು ಮುಚ್ಚಿಕೊಂಡಳು.

"ಸ್ವಾಮೀ, ನೀವು," ಎಂದರು ಎವಾಲ್ಡ್, "ಬೂಟು ಮಾರಿ, ಕಚ್ಚುತ್ತೆ ಅಂದ್ರೆ ಬರಿಗಾಲಲ್ಲಿ ನಡೀರಿ ಅಂತೀರಾ? ತೆಗೆದಿಡೋ ಗಾಜಿಗೆ ಇವಳು ಯಾಕೆ ದುಡ್ಡು ಕೊಟ್ಟಳು? ಚೆಂದ ಕಾಣೋಕೆ ಉಸಿರು ಕಟ್ಟಿಸ್ತೀರಿ. ಆಮೇಲೆ ಫೋನಲ್ಲಿ ಮಗೂಗೆ ನಿಂದೇ ತಪ್ಪು ಅಂತೀರಿ!"

"ಅಯ್ಯೋ, ಎಲ್ಲಾ ಅಂಗಡೀಲೂ ಇದೇ ಸಾರ್ ಈಗ."

ಎವಾಲ್ಡ್ ಕಾಗದ ಹಿಡಿದು ಸಾಲು ಸಾಲಾಗಿ ಹೊಳೆಯುವ ಡಬ್ಬಗಳ ಮುಂದೆ ನಡೆದರು. ಎಲ್ಲದರ ಮುಖವೂ ಮುಚ್ಚಿತ್ತು. ಕೆಲವಕ್ಕೆ ಅಂಚಿನಲ್ಲಿ ಬೆರಳು ತೂರದಷ್ಟು ಸೀಳು, ಅಷ್ಟರಲ್ಲೇ ಗಾಳಿ ನುಸುಳಿಕೊಂಡು ಬರಬೇಕು. ನೋಡುತ್ತಿದ್ದ ಇಬ್ಬರು ಗಿರಾಕಿಗಳು ದಾರಿ ಬಿಟ್ಟರು. ಗಲ್ಲಾದ ಪಕ್ಕ ಬಂದಾಗ ಕಾಗದ ಇದ್ದಕ್ಕಿದ್ದಂತೆ ಬೆರಳಿಂದ ಜಾರಿ, ಹೋಗಿ ಏನಕ್ಕೋ ಅಂಟಿಕೊಂಡು ನಿಂತಿತು.

ಬಗ್ಗಿ ನೋಡಿದರು. ಮೇಜಿನ ಕೆಳಗೆ ಬೂದು ಬಣ್ಣದ ಕ್ಯಾಬಿನೆಟ್ಟು. ದೀಪವಿಲ್ಲ, ಗಾಜಿಲ್ಲ, ಮುಂಭಾಗ ಪೂರ್ತಿ ಜಾಲರಿ, ಅದರ ಹಿಂದೆ ಮೂರು ಕಪ್ಪು ಫ್ಯಾನು ಸದ್ದಿಲ್ಲದೆ ಗಾಳಿ ಎಳೆಯುತ್ತಿದ್ದವು. ಹಿಂದೆ ಒಂದು, ಹೊರಕ್ಕೆ.

"ಇದು ಯಾರ್ದು?"

"ಅದು... ಅಂಗಡೀದು," ಎಂದ ಲೆನ್ನಾರ್ಟ್. "ದಿನವಿಡೀ ನಡೀಬೇಕಲ್ಲ, ಅದಕ್ಕೇ."

ಈಗ ಬಾಯಿ ತೆರೆದವಳು ಮೆರ್ಲೆ.

"ಅಂದ್ರೆ ನಿಮಗೆ ಗೊತ್ತಿತ್ತು." ಅವಳು ಮೇಜಿನ ಕೆಳಗೆ ಕೈ ತೋರಿಸಿದಳು. "ನಿಮ್ಮ ಕೆಲಸಕ್ಕೆ ಇದು, ನನಗೆ ಅದು. ಮುನ್ನೂರ ಎಂಬತ್ತೆಂಟು ಪಾರಿವಾಳ ಅಳಿಸಿದೀನಿ ನಾನು. ಒಂದೊಂದರ ರೆಕ್ಕೆನೂ ಬೇರೆ ಬೇರೆ ಥರ ಬಡಿಯೋ ಹಾಗೆ ಮಾಡಿದ್ದೆ. ನಂಗೆ ಯೋಗ್ಯತೆ ಇಲ್ಲ ಅಂದ್ಕೊಂಡು ಮೂರು ವಾರ ಅತ್ತಿದೀನಿ. ನಿಮ್ಮ ಫ್ಯಾನಿನ ಮುಖ ಕಾಣ್ಲಿ ಅಂತ!"

"ಇಂಥದೇ ಕ್ಯಾಬಿನೆಟ್ಟು ಪುಕ್ಕಟೆ ಕೊಡ್ತೀನಿ," ಎಂದ ಲೆನ್ನಾರ್ಟ್ ಮೆಲ್ಲಗೆ. "ನಾನೇ ಎಲ್ಲ ಬದಲಾಯಿಸಿ ಕೊಡ್ತೀನಿ."

"ಅದರ ಬೆಲೆ ನಾನು ಕೊಡ್ತೀನಿ, ಕೈಯಾರೆ ಅವಳೇ ಕೂರ್ಸ್ತಾಳೆ," ಎಂದರು ಎವಾಲ್ಡ್. "ನಿಮ್ಮಿಂದ ಬೇಕಾಗಿರೋದು ಒಂದೇ ಮಾತು. ಅವತ್ತು ಫೋನಲ್ಲಿ ಅಂದದ್ದು ಸುಳ್ಳು ಅಂತ ಇವಳ ಮುಖ ನೋಡಿ ಹೇಳಿ."

"ಸುಳ್ಳು ಅಂತ ಅಲ್ಲ, ಅದು ಏನಂದ್ರೆ..."

"ಏನಂದ್ರೆ ಬೇಡ."

ಲೆನ್ನಾರ್ಟ್ ಗಿರಾಕಿಗಳ ಕಡೆ ನೋಡಿದ. ಅವರೂ ಕಾಯುತ್ತಿದ್ದರು. ಕೊನೆಗೆ ಮೆರ್ಲೆಯ ಕಡೆ ತಿರುಗಿ, "ತಪ್ಪು ನಿಮ್ಮದಲ್ಲ," ಎಂದ. "ನಂದು."

ಮೆರ್ಲೆ ತಲೆಯಾಡಿಸಿದಳು. ಥ್ಯಾಂಕ್ಸ್ ಅನ್ನಲಿಲ್ಲ. ಎವಾಲ್ಡ್‌ಗೆ ಅದು ಬಹಳ ಹಿಡಿಸಿತು.

ಸಂಜೆ ಅಡುಗೆಮನೆಯ ಮೇಜಿನ ಮೇಲೆ ಅವಳು ಒಂದೊಂದೇ ಭಾಗವನ್ನು ಬೂದು ಕ್ಯಾಬಿನೆಟ್ಟಿಗೆ ಕೂರಿಸಿದಳು. ಎವಾಲ್ಡ್ ಸ್ಕ್ರೂ ಎತ್ತಿಕೊಟ್ಟರು, ಮಧ್ಯೆ ಆಲೂಗಡ್ಡೆ ಸಲಾಡು ಬಡಿಸಿದರು. ಮುಂದೆ ಮೂರು ಫ್ಯಾನು ಒಳಕ್ಕೆ, ಹಿಂದೆ ಒಂದು ಹೊರಕ್ಕೆ. ಜಾಲರಿಗೆ ಕಾಗದ ಹಿಡಿದರೆ ಗಪ್ಪನೆ ಅಂಟಿಕೊಂಡಿತು. ಮೆರ್ಲೆ ಹನ್ನೆರಡನ್ನು ಅಳಿಸಿ ನಾನೂರು ಎಂದು ಹಾಕಿ, ಗುಂಡಿ ಒತ್ತಿ, ಕೈಕಟ್ಟಿ ಕುಳಿತಳು. ಎವಾಲ್ಡ್ ಗಡಿಯಾರವನ್ನು ಗೋಡೆಯಿಂದ ಇಳಿಸಿ ಮೇಜಿನ ಮೇಲಿಟ್ಟರು.

ಮೂವತ್ತೊಂಬತ್ತು ನಿಮಿಷ. ನಲವತ್ತು. ನಲವತ್ತೈದು ಕಳೆದರೂ ಕಂಪ್ಯೂಟರು ನಡೆಯುತ್ತಲೇ ಇತ್ತು.

ಐವತ್ತನೇ ನಿಮಿಷಕ್ಕೆ ಮೆರ್ಲೆ ಅದನ್ನು ತಾನೇ ನಿಲ್ಲಿಸಿದಳು. ಎವಾಲ್ಡ್ ಗಾಬರಿಯಿಂದ ಎದ್ದು ಬಂದರು. ಪರದೆಯ ಮೇಲೆ ಅವಳು ನಾನೂರನ್ನು ಅಳಿಸಿ ಆರುನೂರು ಬರೆಯುತ್ತಿದ್ದಳು.

"ಆಗತ್ತಾ ಅಂತ ಯಾರನ್ನಾದ್ರೂ ಕೇಳಿದ್ಯಾ?"

"ಇಲ್ಲ ಅಜ್ಜ," ಎಂದಳು ಮೆರ್ಲೆ, ಗುಂಡಿ ಒತ್ತುತ್ತ. "ಕೇಳಲ್ಲ."