ಡೋಲು ಹಿಡ್ಕೊಂಡು ಬಾ

"ಚನಿಯಾ, ಕೇಳ್ತದಾ? ಬರುವ ಶನಿವಾರ ಡೋಲು ಹಿಡ್ಕೊಂಡು ಬಾ. ಮರೀಬೇಡ, ಡೋಲು!"

ಕಮಲಾಕ್ಷಿ ಅಷ್ಟು ಗಟ್ಟಿಯಾಗಿ ಕೂಗಬೇಕಾಗಿರಲಿಲ್ಲ. ಆದರೆ ಆ ಕಡೆಯದು ಕಾಸರಗೋಡಿನ ಒಳಗಿನ ಊರೊಂದರ ಅಂಗಡಿ ಫೋನು. ಹೇಳಿ ಕಳಿಸಿದ ಮೇಲೆ ಗುಡ್ಡ ಇಳಿದು ಓಡಿ ಬಂದ ಚನಿಯನ ಏದುಸಿರು ಕೇಳುತ್ತಿತ್ತೇ ಹೊರತು ಮಾತು ಕೇಳುತ್ತಿರಲಿಲ್ಲ. ಕೊನೆಗೆ ಅವನು "ಆಯ್ತಮ್ಮಾ" ಅಂದ. ಅಷ್ಟೇ. ಫೋನು ಕಟ್ಟಾಯಿತು.

"ಅವರಿಗೆ ಸಂತೋಷ ಆಯಿತಲ್ಲ?" ಎಂದು ಪ್ರಿನ್ಸಿಪಾಲ್ ಆನಿ ಕುರುವಿಳ ಮಲಯಾಳದಲ್ಲಿ ಕೇಳಿದರು.

"ತುಂಬಾ ಸಂತೋಷ, ಮ್ಯಾಡಂ" ಎಂದಳು ಕಮಲಾಕ್ಷಿ.

ಬಾಗಿಲ ಹತ್ತಿರ ಚನಿಯನ ಮಗಳು ಸುಮಿತ್ರ ನಿಂತಿದ್ದಳು. ಒಂಬತ್ತನೆಯ ಕ್ಲಾಸಿನ ಹುಡುಗಿ. ಆ ಕೋಣೆಯಲ್ಲಿ ಕನ್ನಡ ತಿಳಿದವರು ಇಬ್ಬರೇ, ಕಮಲಾಕ್ಷಿ ಮತ್ತು ಅವಳು. ಹುಡುಗಿ ತಲೆ ಎತ್ತಿ ಒಮ್ಮೆ ಕಮಲಾಕ್ಷಿಯ ಬಾಯಿಯನ್ನೇ ನೋಡಿದಳು. ಆಮೇಲೆ ಹೆಬ್ಬೆರಳಿನಿಂದ ನೆಲ ಒತ್ತುತ್ತಾ ನಿಂತಳು.

ಕಾಸರಗೋಡಿನಿಂದ ಒಂದು ರಾತ್ರಿಯ ರೈಲುದಾರಿ ದೂರದ ಪಾಲಾರಿವಟ್ಟಂ ಜಂಕ್ಷನ್ನಿನಿಂದ ಒಂದು ಒಳರಸ್ತೆ ಹಿಡಿದರೆ ಈ ಶಾಲೆ. ಕಮಲಾಕ್ಷಿ ಇಲ್ಲಿಯ ಹಾಸ್ಟೆಲಿನ ಮೇಟ್ರನ್. ಗಂಡ ತೀರಿಕೊಂಡ ಮೇಲೆ ಕಾಸರಗೋಡು ಬಿಟ್ಟು ಬಂದವಳು. ಮಗ ಚಿರಾಗ್ ತಿರುವನಂತಪುರದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ. ಅವನ ಓದು ನಿಂತಿದ್ದದ್ದು ಈ ಕೆಲಸದ ಮೇಲೆ. ಸುಮಿತ್ರಳನ್ನು ಈ ಶಾಲೆಗೆ ತಂದವಳೂ ಅವಳೇ. ಆದಿವಾಸಿ ಮಗುವೊಂದಕ್ಕೆ ಶಾಲೆಯ ಟ್ರಸ್ಟಿನವರು ಊಟ, ವಸತಿ, ಪುಸ್ತಕ ಎಲ್ಲ ಕೊಡುತ್ತಾರೆ ಎಂದಾಗ, "ನಮ್ಮೂರಿನ ಕೊರಗರ ಒಂದು ಹುಡುಗಿ ಉಂಟು, ಬಹಳ ಚುರುಕು" ಎಂದಿದ್ದಳು. ಚುರುಕು ಅಂದದ್ದು ಸುಳ್ಳಲ್ಲ. ಆ ಕಾಲನಿಯಿಂದ ಒಂಬತ್ತನೆಯ ಕ್ಲಾಸಿಗೆ ಕಾಲಿಟ್ಟ ಮೊದಲ ಹೆಣ್ಣು ಅದು.

ಆಸ್ಟ್ರೇಲಿಯಾದ ಒಂದು ಹೈಸ್ಕೂಲಿನ ಜೊತೆ ಈ ಶಾಲೆಗೆ ಅಕ್ಕತಂಗಿಯರ ಸಂಬಂಧ. ಅಲ್ಲಿ ಪ್ರತಿ ಸಭೆಯ ಮೊದಲು ಈ ನೆಲ ಮೂಲದಲ್ಲಿ ಯಾರದ್ದೆಂದು ನೆನೆಯುತ್ತಾರಂತೆ. ಮಕ್ಕಳ ಮಾತು ಕೇಳಲಿಕ್ಕೆಂದೇ ವಾರಕ್ಕೊಂದು ಗಂಟೆ ಇಟ್ಟಿದ್ದಾರಂತೆ. ಟೀಚರುಗಳ ಮನಸ್ಸು ಬಾಡದಂತೆಯೂ ನೋಡಿಕೊಳ್ಳುತ್ತಾರಂತೆ. ಆ ವರ್ಷದ ಫೆಬ್ರುವರಿಯಲ್ಲಿ ಆ ದೇಶದ ಸರಕಾರ ತನ್ನ ಮೂಲನಿವಾಸಿಗಳ ಕ್ಷಮೆ ಕೇಳಿದ್ದನ್ನು ಟಿ.ವಿ.ಯಲ್ಲಿ ನೋಡಿ ಪ್ರಿನ್ಸಿಪಾಲರ ಕಣ್ಣು ತುಂಬಿ ಬಂದಿತ್ತು. ಅಂದಿನಿಂದ ಇಲ್ಲಿಯೂ ಎಲ್ಲ ಶುರುವಾಯಿತು. ಡಾಕ್ಟರಮ್ಮ ಒಬ್ಬರು ಬಂದು ಸಿಬ್ಬಂದಿಯನ್ನೆಲ್ಲ ಸುತ್ತ ಕೂರಿಸಿ, ಕಣ್ಣು ಮುಚ್ಚಿಸಿ, "ಮನಸ್ಸಿನ ಭಾರ ಇಳಿಸಿ" ಅನ್ನುತ್ತಿದ್ದರು. ಅಡುಗೆಯ ಸರೋಜ ಚೇಚಿ ಅಲ್ಲಿಯೇ ಗೊರಕೆ ಹೊಡೆದಳು. ಎಬ್ಬಿಸಿದಾಗ, "ನನ್ನ ಭಾರ ಇಳಿಯಬೇಕಾದರೆ ಪಾತ್ರೆ ತೊಳೆಯಲಿಕ್ಕೆ ಇನ್ನೊಂದು ಆಳು ಕೊಡಿ" ಅಂದಳು. ಎಲ್ಲರೂ ನಕ್ಕರು. ಆಳು ಬರಲಿಲ್ಲ.

ಈಗ ಆ ಶಾಲೆಯವರು ಅತಿಥಿಗಳಾಗಿ ಬರುವವರಿದ್ದರು. "ನಮ್ಮಲ್ಲೂ ರೀಕನ್ಸಿಲಿಯೇಷನ್ ದಿನ ಮಾಡೋಣ, ಕ್ಷಮೆ ಕೇಳಿ ಒಂದಾಗುವ ದಿನ. ಸುಮಿತ್ರಳ ತಂದೆಯನ್ನು ವೇದಿಕೆಗೆ ಕರೆದು ಗೌರವಿಸೋಣ" ಎಂದರು ಪ್ರಿನ್ಸಿಪಾಲ್. "ಅವರ ಜನರ ಕಲೆ ಯಾವುದು, ಕಮಲಾಕ್ಷಿ?"

"ಡೋಲು, ಮ್ಯಾಡಂ."

ಯೋಚಿಸಿ ಹೇಳಿದ್ದಲ್ಲ. ಕಾಗೆ ಅಂದರೆ ಕಪ್ಪು ಎಂಬ ಹಾಗೆ ಬಾಯಿಂದ ಬಿದ್ದದ್ದು. ಬಿದ್ದ ಮಾತಿಗೆ ಬಾಲ ಇರುವುದಿಲ್ಲ, ಹಿಡಿದು ಎಳೆಯಲಿಕ್ಕೆ.

ಫೋನು ಮಾಡಿದ ದಿನದ ಸಂಜೆ ತಾರಸಿಯ ಮೇಲೆ ಒಣಗಿದ ಬಟ್ಟೆ ತೆಗೆಯುವಾಗ ಸುಮಿತ್ರ ಅವಳ ಪಕ್ಕದಲ್ಲಿ ಬಂದು ನಿಂತಳು.

"ಕಮಲಕ್ಕ, ನೀವು ಅಪ್ಪನಿಗೆ 'ಬಾ' ಅಂದ್ರಿ."

"ಮತ್ತೆಂಥ ಹೇಳ್ಬೇಕಿತ್ತು ಮಾರಾಯ್ತಿ, ಹೋಗು ಅಂತ ಹೇಳ್ಬೇಕಿತ್ತಾ?"

ಹುಡುಗಿ ನಗಲಿಲ್ಲ. "ಗೇಟು ಕಾಯುವ ರುದ್ರಪ್ಪನಿಗೆ 'ಬನ್ನಿ' ಅಂತೀರಿ. ಅಪ್ಪ ಅವರಿಗಿಂತ ಹಿರಿಯರು."

ಕಮಲಾಕ್ಷಿ ಕೈಯಲ್ಲಿದ್ದ ಬಟ್ಟೆ ಬಕೆಟ್ಟಿಗೆ ಹಾಕಿದಳು. "ನಿನ್ನಪ್ಪನನ್ನು ನಾನು ಸಣ್ಣದಿರುವಾಗಿಂದ ಕಂಡವಳು. ಸಲುಗೆಯಲ್ಲಿ ಬಂತು."

"ಸಲುಗೆ ಆದ್ರೆ ಅಪ್ಪನೂ ನಿಮಗೆ 'ಬಾ ಕಮಲಾ' ಅನ್ಬಹುದಾ?"

"ನಾಲಗೆ ಉದ್ದ ಆಯ್ತು ನಿಂದು! ಶಾಲೆಯಲ್ಲಿ ಮಾತಾಡ್ಲಿಕ್ಕೆ ಒಂದು ಗಂಟೆ ಕೊಟ್ಟದ್ದೇ ತಪ್ಪಾಯ್ತು" ಎಂದು ಕಮಲಾಕ್ಷಿ ಬಕೆಟ್ಟು ಎತ್ತಿಕೊಂಡು ಇಳಿದುಬಿಟ್ಟಳು. ಮೆಟ್ಟಿಲಲ್ಲಿ ಒಮ್ಮೆ ನಿಂತಳು. ಪುನಃ ಫೋನು ಮಾಡಿ "ಬನ್ನಿ" ಅಂದುಬಿಡಬಹುದಿತ್ತು. ಆದರೆ ಅಂಗಡಿಯವನು ಕೇಳಿಸಿಕೊಂಡರೆ ಊರೆಲ್ಲ ನಗುತ್ತದೆ ಎನ್ನಿಸಿತು.

ಮಕ್ಕಳ ಮಾತು ಕೇಳುವ ಗಂಟೆ ಬಂದಾಗ ಸುಮಿತ್ರ ಎದ್ದು ನಿಂತಳು. ಮಲಯಾಳದಲ್ಲಿ ಶುರುಮಾಡಿ ತಡವರಿಸಿದಳು. ಆಮೇಲೆ ಕನ್ನಡಕ್ಕೆ ಹೊರಳಿದಳು. ಪ್ರಿನ್ಸಿಪಾಲರ ಮುಖ ಅರಳಿತು. "ನೋಡಿ, ತನ್ನ ಸ್ವಂತ ಭಾಷೆಯಲ್ಲಿ ಮಾತಾಡುತ್ತಿದ್ದಾಳೆ! ಕಮಲಾಕ್ಷಿಯನ್ನು ಕರೆಯಿರಿ." ಅವಳ ಸ್ವಂತ ಭಾಷೆ ಕನ್ನಡವೂ ಅಲ್ಲ, ಕೊರಗರದ್ದೇ ಬೇರೆ ಮಾತು ಎಂಬುದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಕಮಲಾಕ್ಷಿ ಸೆರಗಿಗೆ ಕೈ ಒರೆಸುತ್ತಾ ಬಂದು ನಿಂತಳು. ಹುಡುಗಿ ಅವಳ ಕಡೆ ತಿರುಗಿ ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿದಳು.

"ಅಪ್ಪ ಡೋಲು ಅಟ್ಟಕ್ಕೆ ಹಾಕಿ ತುಂಬಾ ವರ್ಷ ಆಯ್ತು. ಊರಲ್ಲಿ ಯಾರಾದ್ರೂ ಸತ್ರೆ, ಕಂಬಳ ಆದ್ರೆ, ದೊಡ್ಡ ಮನೆಗಳಿಂದ 'ಡೋಲು ಹಿಡ್ಕೊಂಡು ಬಾ' ಅಂತ ಹೇಳಿ ಕಳಿಸ್ತಿದ್ರು. ಹೋಗದಿದ್ರೆ ಪೆಟ್ಟು. ಹೋದ್ರೆ ಎಂಜಲು. ಕರೆದವರ ಅಂಗಳದಲ್ಲಿ ಇನ್ನು ಬಾರಿಸುದಿಲ್ಲ ಅಂತ ಅಪ್ಪ ಹೇಳಿದ್ರು. ನಮ್ಮ ಕಾಲನಿಯಲ್ಲಿ ಮದುವೆ ಆದ್ರೆ ಮಾತ್ರ ತೆಗೀತಾರೆ. ಇಲ್ಲಿಂದಲೂ ಹಾಗೇ ಕರೆದದ್ದು. ಕ್ಷಮೆ ಕೇಳುವವರು ಹೀಗೆ ಕರೀತಾರಾ?"

ಪ್ರಿನ್ಸಿಪಾಲ್ ಮುಂದಕ್ಕೆ ಬಾಗಿ, "ಏನಂತೆ?" ಎಂದರು.

ಇದ್ದದ್ದನ್ನು ಹೇಳಿದರೆ, ಕರೆದವಳು ಯಾರು ಎಂದು ಮುಂದಿನ ಪ್ರಶ್ನೆ ಬರುತ್ತದೆ. ಬಂದರೆ ಈ ಶಾಲೆಯಲ್ಲಿ ಉಳಿಯುವುದು ಹೇಗೆ? ಚಿರಾಗ್ ಏನು ಮಾಡಬೇಕು? ಕಮಲಾಕ್ಷಿ ಪ್ರಿನ್ಸಿಪಾಲರ ಕಡೆ ತಿರುಗಿದಳು.

"ತಂದೆ ಡೋಲು ಬಾರಿಸಿ ತುಂಬಾ ವರ್ಷ ಆಯಿತಂತೆ, ಮ್ಯಾಡಂ" ಎಂದಳು ಮಲಯಾಳದಲ್ಲಿ. "ಎಲ್ಲರ ಮುಂದೆ ಕೈ ತಪ್ಪೀತು ಅಂತ ಇವಳಿಗೆ ಹೆದರಿಕೆ."

"ಅಯ್ಯೋ ಮೋಳೆ, ನನ್ನ ಮಗಳೇ!" ಪ್ರಿನ್ಸಿಪಾಲ್ ಎದೆಯ ಮೇಲೆ ಕೈ ಇಟ್ಟುಕೊಂಡರು. "ತಪ್ಪಿದರೂ ನಾವು ಚಪ್ಪಾಳೆ ತಟ್ಟುತ್ತೇವೆ. ಅಲ್ಲವೇ ಮಕ್ಕಳೇ?"

ಮಕ್ಕಳು ಆಗಲೇ ಚಪ್ಪಾಳೆ ತಟ್ಟಿದರು. ಸುಮಿತ್ರಳಿಗೆ ಮಲಯಾಳ ಆಡಲು ತಡವರಿಕೆಯಿತ್ತು, ಕೇಳಿದರೆ ಎಲ್ಲ ತಿಳಿಯುತ್ತಿತ್ತು. ಅವಳು ಕಮಲಾಕ್ಷಿಯನ್ನು ನೋಡಿದಳು. ಲಂಗ ಸರಿಮಾಡಿಕೊಂಡು ಕೂತಳು. ಆಮೇಲೆ ಅವಳು ಕಮಲಾಕ್ಷಿಯ ಜೊತೆ ಕನ್ನಡ ಆಡಲಿಲ್ಲ. ಊಟಕ್ಕೆ ಕರೆದರೆ "ವೇಂಡ ಮೇಟ್ರನ್" ಅನ್ನುತ್ತಿದ್ದಳು, ಬೇರೆ ಮಕ್ಕಳು ಬೇಡ ಅನ್ನುವ ಹಾಗೆಯೇ.

ಶನಿವಾರ ಬೆಳಿಗ್ಗೆ ಚನಿಯ ಬಂದ. ರೈಲಿನ ಜನರಲ್ ಡಬ್ಬಿಯಲ್ಲಿ ಡೋಲನ್ನು ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ. ಹಾಸ್ಟೆಲಿನ ಅಂಗಳ ಕಂಡದ್ದೇ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ.

"ಅಮ್ಮಾ, ಬಾ ಅಂದ್ರಿ. ಬಂದೆ."

"ಡೋಲು ಬಿಟ್ಟಿದ್ದಿಯಂತೆ?" ಕಮಲಾಕ್ಷಿ ಮೆಲ್ಲಗೆ ಕೇಳಿದಳು.

"ಬಿಟ್ಟಿದ್ದೆ." ಅವನು ಡೋಲಿನ ಮೇಲಿನ ಧೂಳು ಒರೆಸಿದ. "ಬರದಿದ್ರೆ ಮಗುವನ್ನು ಶಾಲೆಯಿಂದ ತೆಗೆದ್ರೆ ಅಂತ ಹೆದರಿಕೆ ಆಯ್ತು ಅಮ್ಮಾ. ನನ್ನ ಮಾತು ಎಂಥದು, ಇವತ್ತು ಬಿಟ್ರೆ ನಾಳೆ ಹಿಡೀಬಹುದು. ಅವಳ ಶಾಲೆ ತಪ್ಪಿದ್ರೆ ತಪ್ಪಿತು."

ಹಾಗೇನೂ ಇಲ್ಲ, ಬಾರಿಸಬೇಡ, ಎಂದು ಹೇಳಲಿಕ್ಕೆ ಆಗಲೂ ಹೊತ್ತಿತ್ತು. ಅಷ್ಟರಲ್ಲಿ ಅತಿಥಿಗಳ ಕಾರು ಗೇಟಿಗೆ ಬಂತು.

ವೇದಿಕೆಯಲ್ಲಿ ಚನಿಯನಿಗೆ ಕುರ್ಚಿ ಹಾಕಿದ್ದರು. ಅವನು ಅದರ ಅಂಚಿನಲ್ಲಿ ಕೂತ, ಜಾರಿ ಬಿದ್ದಾನೆಂಬ ಹಾಗೆ. ಶಾಲು ಹೊದಿಸಿದರು. ಅತಿಥಿಯಾಗಿ ಬಂದ ಬೆಳ್ಳಿಗೂದಲಿನ ಹೆಂಗಸು ಇಂಗ್ಲಿಷಿನಲ್ಲಿ ಮಾತಾಡಿ, ಕೊನೆಗೆ ಅವನ ಎರಡೂ ಕೈ ಹಿಡಿದುಕೊಂಡಳು. ಅವಳ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಚನಿಯ ತನ್ನ ಕೈಯನ್ನೇ ನೋಡುತ್ತಿದ್ದ.

ಆಮೇಲೆ ಡೋಲು ಬಾರಿಸಿದ.

ಕೈ ತಪ್ಪಲಿಲ್ಲ. ಮೊದಲ ಪೆಟ್ಟಿಗೇ ಕಮಲಾಕ್ಷಿಗೆ ಆ ಸದ್ದಿನ ಗುರುತು ಹತ್ತಿತು. ಚಿರಾಗ್ ಹೊಟ್ಟೆಯಲ್ಲಿದ್ದಾಗ ಅವಳ ಸೀಮಂತಕ್ಕೆ ಇದೇ ಸದ್ದು ಬೇಲಿಯ ಹೊರಗೆ ಕೇಳಿತ್ತು. ಅತ್ತೆ ಅವಳ ಕೂದಲು, ಉಗುರು ಕತ್ತರಿಸಿ, ಅನ್ನಕ್ಕೆ ಕಲಸಿ, ಎಲೆಯಲ್ಲಿ ಹಿತ್ತಿಲಿಗೆ ಕಳಿಸಿದ್ದರು. ಬಸುರಿಯ ಕೇಡೆಲ್ಲ ತಿಂದವರಿಗೆ ಹೋಗಲಿ ಎಂದು. ಅಲ್ಲಿ ಕೂತು ತಿಂದವಳು ಚನಿಯನ ತಾಯಿ. ಕಮಲಾಕ್ಷಿ ಕಿಟಕಿಯಿಂದ ನೋಡಿದ್ದಳು. ಆ ಹೆಂಗಸು ಬಾಯಿಯೊಳಗಿಂದ ಒಂದು ಉದ್ದ ಕೂದಲನ್ನು ಎಳೆದು ತೆಗೆದು, ಸೆರಗಿಗೆ ಒರೆಸಿ, ಮತ್ತೆ ತುತ್ತು ಎತ್ತಿದ್ದಳು. ಚಿರಾಗ್ ಗುಂಡಗೆ, ಗಟ್ಟಿಯಾಗಿ ಹುಟ್ಟಿದ.

ಅತಿಥಿಗಳು ಎದ್ದು ಕುಣಿಯತೊಡಗಿದರು. ಮಕ್ಕಳೂ ಸೇರಿಕೊಂಡರು. ಪ್ರಿನ್ಸಿಪಾಲ್ ಸೆರಗು ಸಿಕ್ಕಿಸಿ ಎರಡು ಹೆಜ್ಜೆ ಹಾಕಿದರು. ಕ್ಯಾಮೆರಾ ಮಿಂಚಿತು. ಮೂರನೆಯ ಸಾಲಿನಲ್ಲಿ ಸುಮಿತ್ರಳ ಜಾಗ ಖಾಲಿ ಇತ್ತು.

ಊಟದ ಹೊತ್ತಿಗೆ ಡೈನಿಂಗ್ ಹಾಲಿನಲ್ಲಿ ಚನಿಯ ಕಾಣಲಿಲ್ಲ. ಅತಿಥಿಗಳ ಪಕ್ಕ ಅವನಿಗೆಂದು ಹಾಕಿದ ಎಲೆಯ ಮೇಲೆ ಉಪ್ಪೇರಿ ಪಲ್ಯ ಆರುತ್ತಿತ್ತು. ಕಮಲಾಕ್ಷಿ ಹುಡುಕುತ್ತಾ ಅಡುಗೆಮನೆಯ ಹಿಂದಕ್ಕೆ ಹೋದಳು. ಪಾತ್ರೆ ತೊಳೆಯುವ ಕಟ್ಟೆಯ ಆಚೆ, ನೀರು ಹರಿದು ಹೋಗುವ ಜಾಗದಲ್ಲಿ, ಅವನು ಕುಕ್ಕರುಗಾಲಿನಲ್ಲಿ ಕೂತಿದ್ದ. ಶಾಲನ್ನು ಮಡಿಸಿ ಡೋಲಿನ ಮೇಲೆ ಇಟ್ಟಿದ್ದ. ಯಾರೂ ಅಲ್ಲಿ ಕೂತುಕೋ ಎಂದಿರಲಿಲ್ಲ. ಸುಮಿತ್ರ ತನ್ನ ಟ್ರಂಕಿನೊಂದಿಗೆ ಅವನ ಪಕ್ಕ ನಿಂತಿದ್ದಳು.

"ಇವಳು ನನ್ನ ಒಟ್ಟಿಗೆ ಬರ್ತಾಳಂತೆ ಅಮ್ಮಾ. ಶಾಲೆ ಸಾಕಂತೆ" ಎಂದ ಚನಿಯ. "ನೀವಾದ್ರೂ ಬುದ್ಧಿ ಹೇಳಿ. ನಿಮ್ಮ ಮಾತು ಕೇಳ್ಯಾಳು. ನಾನು ಬಾರಿಸಿದೆನಲ್ಲ? ಇನ್ನೆಂಥ ಬೇಕು?"

ಕಮಲಾಕ್ಷಿ ಹುಡುಗಿಯ ಕಡೆ ನೋಡಿದಳು. ಹುಡುಗಿ ಟ್ರಂಕಿನ ಹಿಡಿಯನ್ನು ನೋಡುತ್ತಿದ್ದಳು. ಕಮಲಾಕ್ಷಿ ಚನಿಯನ ಕಡೆ ಒಂದು ಹೆಜ್ಜೆ ಮುಂದೆ ಬಂದು, ಹುಡುಗಿಗೂ ಕೇಳುವಂತೆ ಹೇಳಿದಳು.

"ಬನ್ನಿ. ಇಲ್ಲಿ ಯಾಕೆ ಕೂತಿದ್ದೀರಿ? ಒಳಗೆ ಊಟಕ್ಕೆ ಬನ್ನಿ."

ಚನಿಯ ಗಡಬಡಿಸಿ ಎದ್ದು ನಿಂತ. ತನ್ನ ಹಿಂದೆ ಯಾರು ದೊಡ್ಡವರು ಬಂದರೋ ಎಂದು ತಿರುಗಿ ನೋಡಿ, ದಾರಿ ಬಿಟ್ಟು ಗೋಡೆಗೆ ಸರಿದುಕೊಂಡ.

ಹಿಂದೆ ಯಾರೂ ಇರಲಿಲ್ಲ. ಎಂಜಲೆಲೆಗಳ ರಾಶಿಯ ಮೇಲೆ ಒಂದು ಕಾಗೆ ಕೂತಿತ್ತು. ಸುಮಿತ್ರ ಟ್ರಂಕು ಎತ್ತಿ ತಲೆಯ ಮೇಲೆ ಇಟ್ಟುಕೊಂಡು ಗೇಟಿನ ಕಡೆ ನಡೆದಳು. ಚನಿಯ ಇನ್ನೂ ಗೋಡೆಗೆ ಒತ್ತಿಕೊಂಡು, ಬರಬೇಕಾದವರು ದಾಟಿ ಹೋಗಲಿ ಎಂದು ಕಾಯುತ್ತಿದ್ದ.