ಫೈನಲ್ ದಿನದ ಹೊಟ್ಟೆನೋವು

ಶನಿವಾರ ಬೆಳಗ್ಗೆ ಏಳೂವರೆಗೆ ಮಾರ್ಲೀನ್ ಪ್ಯಾನ್‌ಕೇಕ್ ಹುಯ್ಯುತ್ತಿದ್ದಾಗ ಫೋನು ಬಂತು. ಮಗಳ ಸಾಫ್ಟ್‌ಬಾಲ್ ತಂಡದ ಕೋಚ್ ರಾಯ್ಸ್. ದನಿಯಲ್ಲಿ ಬೆಣ್ಣೆ.

“ಟೆಸ್ಸಿ ಹೇಗಿದಾಳೆ? ಹೊಟ್ಟೆ ಗಿಟ್ಟೆ ಸರಿಯಾಗಿದೆ ತಾನೇ?”

“ಹೊಟ್ಟೆಗೇನಾಗಿದೆ? ಆರಕ್ಕೇ ಎದ್ದು ಯೂನಿಫಾರಂ ಹಾಕ್ಕೊಂಡು ಕೂತಿದಾಳೆ.”

“ಅಲ್ಲ, ಇವತ್ತು ಫೈನಲ್ ನೋಡಿ. ಟೆನ್ಶನ್‌ಗೆ ಕೆಲವು ಮಕ್ಕಳಿಗೆ ಹೊಟ್ಟೆನೋವು ಬರುತ್ತೆ. ಬಂದ್ರೆ ಮನೇಲೇ ಮಲಗಿಸಿಬಿಡಿ. ಅವಳಿಗೂ ಒಳ್ಳೇದು, ತಂಡಕ್ಕೂ ಒಳ್ಳೇದು.”

ಮಾರ್ಲೀನಳಿಗೆ ಅರ್ಥವಾಯಿತು. ಒಹಾಯೋದ ವಿಲೋಬೆಂಡ್ ಊರಿನ ಮೈದಾನದ ಗೇಟಿನ ಮೇಲೆ ಬಣ್ಣದಲ್ಲಿ ಬರೆಸಿದ ನಿಯಮವೊಂದಿತ್ತು: ಬಂದ ಮಕ್ಕಳೆಲ್ಲ ಆಡಬೇಕು. ಬಂದವಳು ಎಷ್ಟೇ ಪೆದ್ದಿಯಾಗಿರಲಿ, ಒಮ್ಮೆಯಾದರೂ ಬ್ಯಾಟ್ ಹಿಡಿಯಬೇಕು, ಎರಡು ಇನಿಂಗ್ಸ್ ಮೈದಾನದಲ್ಲಿ ನಿಲ್ಲಬೇಕು. ಹತ್ತು ವರ್ಷದ ಮಕ್ಕಳ ಆಟಕ್ಕೆ ಇದಕ್ಕಿಂತ ನ್ಯಾಯವಾದ ನಿಯಮ ಬೇಕೆ? ದೊಡ್ಡವರು ಅದರಲ್ಲೂ ತೂತು ಹುಡುಕಿದ್ದರು. ಬಾರದವಳನ್ನು ಆಡಿಸಬೇಕಾಗಿಲ್ಲವಲ್ಲ! ಟೆಸ್ಸಿಯ ಬ್ಯಾಟಿಗೆ ಈ ಸೀಸನ್ನಿನಲ್ಲಿ ಚೆಂಡು ತಾಗಿದ್ದು ಎರಡೇ ಸಲ. ಆದರೂ ಇವತ್ತಿನ ಆ ಒಂದು ಸರದಿಗಾಗಿ ಅವಳು ವಾರವಿಡೀ ಗ್ಯಾರೇಜಿನ ಗೋಡೆಗೆ ಚೆಂಡು ಬಡಿದಿದ್ದಳು.

“ಬರ್ತಾಳೆ, ಕೋಚ್. ಬಂದು ಆಡ್ತಾಳೆ” ಎಂದು ಮಾರ್ಲೀನ್ ಫೋನ್ ಕುಕ್ಕಿದಳು.

ಒಂಬತ್ತಕ್ಕೆ ಇಬ್ಬರೂ ಮೈದಾನದಲ್ಲಿದ್ದರು. ತಂಡದ ಸ್ಕೋರು ಬರೆಯುವವಳು ಮಾರ್ಲೀನೇ. ಲೀಗಿನ ಅಧ್ಯಕ್ಷೆ ಎಡಿತ್ ಆಟಗಾರರ ಪಟ್ಟಿಯನ್ನು ಅವಳ ಕೈಗಿಟ್ಟಳು. ಟೆಸ್ಸಿಯ ಹೆಸರಿನ ಮುಂದೆ ‘ಅನಾರೋಗ್ಯ’ ಎಂದಿತ್ತು.

ಮಾರ್ಲೀನಳ ಮೈ ಉರಿದುಹೋಯಿತು. “ಇದು ಸುಳ್ಳು. ಮಗು ಇಲ್ಲೇ ನಿಂತಿದೆ, ಕಣ್ಣಿಗೆ ಕಾಣಲ್ವಾ ನಿಮಗೆ?”

“ಕಾಣುತ್ತಮ್ಮ. ಆದ್ರೆ ಎಂಟು ಗಂಟೆಗೆ ಕೋಚ್ ಹುಷಾರಿಲ್ಲ ಅಂತ ಬರೆದುಕೊಟ್ಟಿದಾರೆ. ಬರೆದುಕೊಟ್ಟ ಮೇಲೆ ಆ ಮಗೂನ ಅವತ್ತು ಇಳಿಸೋ ಹಾಗಿಲ್ಲ. ಮಕ್ಕಳ ಆರೋಗ್ಯಕ್ಕೇ ಅಂತ ಮಾಡಿದ ರೂಲ್ಸು.”

ಪಕ್ಕದಲ್ಲೇ ನಿಂತಿದ್ದ ರಾಯ್ಸ್ ಟೋಪಿ ಸರಿಮಾಡಿಕೊಂಡ. “ಬೆಳಗ್ಗೆ ಫೋನಲ್ಲಿ ನೀವೇ ಹೇಳಿದ್ರಲ್ಲ ಮಾರ್ಲೀನ್, ಹೊಟ್ಟೆನೋವು ಅಂತ.” ನಾಚಿಕೆ ಅವನ ಮುಖದ ಹತ್ತಿರವೂ ಸುಳಿಯಲಿಲ್ಲ.

“ಎಂಥಾ ಬಾಯಿರೀ ನಿಮ್ದು! ಎಡಿತ್, ಈತ ಹೋದ ವರ್ಷಾನೂ ಇದನ್ನೇ ಮಾಡಿದ್ದು. ಸೆಮಿಫೈನಲ್‌ಗೆ ನಮ್ಮ ತಂಡದ ಬೆತನೀನ ಹೀಗೇ ಮನೇಲಿ ಕೂರಿಸಿದ.”

“ಅದು ನಿಜ ಅಂತಾದ್ರೆ ಮಾತು ಬೇರೆ. ಟೆಸ್ಸೀನ ನಾನೇ ಆಡಿಸ್ತೀನಿ. ಸಾಕ್ಷಿ ಯಾರು?” ಎಂದಳು ಎಡಿತ್.

ಸಾಕ್ಷಿ ಇಪ್ಪತ್ತು ಹೆಜ್ಜೆಯಾಚೆ ಹಾಟ್‌ಡಾಗ್ ಅಂಗಡಿಯಲ್ಲಿ ಬನ್ನು ಸೀಳುತ್ತಿದ್ದಳು. ಬೆತನಿಯ ತಾಯಿ ಲೊರೆಟ್ಟಾ. ಒಂದು ಕಾಲಕ್ಕೆ ಅವಳೂ ಮಾರ್ಲೀನಳೂ ಒಂದೇ ಕಾರಿನಲ್ಲಿ ಮಕ್ಕಳನ್ನು ಅಭ್ಯಾಸಕ್ಕೆ ಕರೆತರುತ್ತಿದ್ದರು. ಆ ಸೆಮಿಫೈನಲ್ ಆದ ಮೇಲೆ ಬೆತನಿ ಬ್ಯಾಟ್ ಮುಟ್ಟಲಿಲ್ಲ, ಲೊರೆಟ್ಟಾ ಮಾತು ಬಿಟ್ಟಳು. ಮಾರ್ಲೀನ್ ಅಲ್ಲಿಗೆ ಓಡಿದಳು; ಉಳಿದವರೂ ಹಿಂದೆಯೇ ಬಂದರು.

“ಲೊರೆಟ್ಟಾ, ದಮ್ಮಯ್ಯ ಅಂತೀನಿ, ಒಂದು ಮಾತು ಹೇಳೇ. ಅವತ್ತು ಬೆತನಿ ಚೆನ್ನಾಗೇ ಇದ್ಲು ತಾನೇ?”

ಲೊರೆಟ್ಟಾ ಏಪ್ರನ್ನಿಗೆ ಕೈ ಒರೆಸಿಕೊಂಡು ಟೆಸ್ಸಿಯನ್ನು ನೋಡಿದಳು. ಮಗುವಿನ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. “ಅವತ್ತು ಅತ್ಕೊಂಡು ನಿನಗೆ ಫೋನ್ ಮಾಡಿದ್ದೆ. ನೆನಪಿದೆಯಾ ನೀನೇನಂದೆ ಅಂತ? ‘ಕೋಚ್ ಹೇಳಿದ್ದನ್ನ ಬರೆಯೋದಷ್ಟೇ ನನ್ನ ಕೆಲಸ ಕಣೇ’ ಅಂದೆ. ಈಗ ನಿನ್ನ ಪುಸ್ತಕಾನೇ ಕೇಳು.”

ಎಡಿತ್ ಸ್ಕೋರು ಪುಸ್ತಕದ ಹಿಂದಿನ ಹಾಳೆಗಳನ್ನು ಮಗುಚಿದಳು. ಹೋದ ವರ್ಷದ ಸೆಮಿಫೈನಲ್. ‘ಬೆತನಿ, ಅನಾರೋಗ್ಯ.’ ಮುತ್ತಿನಂಥ ಅಕ್ಷರ.

“ಇದು ನಿಮ್ಮ ಕೈಬರಹ ಅಲ್ವಾ, ಮಾರ್ಲೀನ್? ಸುಳ್ಳು ಅಂತ ಗೊತ್ತಿದ್ದೂ ಬರೆದ್ರಾ?”

ಹೌದು ಅಂದರೆ ಟೆಸ್ಸಿ ಆಡುತ್ತಾಳೆ. ಅಷ್ಟೇ ಸಾಕಿತ್ತು. ಆದರೆ ಬೆಂಚುಗಳ ಮೇಲಿದ್ದ ತಂದೆತಾಯಿಗಳೆಲ್ಲ ಮಾತು ನಿಲ್ಲಿಸಿ ಇತ್ತಲೇ ನೋಡುತ್ತಿದ್ದರು. ಹೋದ ವರ್ಷ ತಂಡ ಗೆದ್ದ ಕಪ್ ಶಾಲೆಯ ಗಾಜಿನ ಕಪಾಟಿನಲ್ಲಿತ್ತು. ಅದರ ಪಕ್ಕದ ಫೋಟೋದಲ್ಲಿ ಮಾರ್ಲೀನಳೂ ಹಲ್ಲು ಕಿರಿದು ನಿಂತಿದ್ದಳು.

“ಇಲ್ಲ,” ಎಂದಳು. “ನನಗೆ ಗೊತ್ತಿರಲಿಲ್ಲ. ಹುಷಾರಿಲ್ಲ ಅಂದ್ರು, ಬರೆದೆ.”

“ಹಾಗಾದ್ರೆ ನಾನೇನೂ ಮಾಡೋಕಾಗಲ್ಲಮ್ಮ” ಎಂದು ಎಡಿತ್ ಪುಸ್ತಕ ಹಿಂದಿರುಗಿಸಿದಳು. ರಾಯ್ಸ್ ಸಿಳ್ಳೆ ಊದುತ್ತಾ ಹುಡುಗಿಯರ ಕಡೆ ಹೋದ. ಲೊರೆಟ್ಟಾ ಮತ್ತೆ ಬನ್ನು ಸೀಳತೊಡಗಿದಳು.

ಟೆಸ್ಸಿ ಹೆಲ್ಮೆಟ್ ಕಳಚಿ ಮಡಿಲಲ್ಲಿಟ್ಟುಕೊಂಡು ತಾಯಿಯ ಪಕ್ಕ ಕೂತಳು. ಆಮೇಲೆ ಮೆಲ್ಲಗೆ ಕೇಳಿದಳು.

“ಅಮ್ಮಾ, ಅವತ್ತು ಸೆಮಿಫೈನಲ್‌ಗೆ ನಾವು ಬರೋವಾಗ ಬೆತನಿ ಅವಳ ಮನೆ ಮುಂದೆ ಸೈಕಲ್ ಹೊಡೀತಿದ್ಲಲ್ಲ. ನೀನು ಕೈ ಬೀಸಿದೆಯಲ್ಲ.”

“ಸುಮ್ಮನೆ ಕೂತ್ಕೋ, ಆಟ ಶುರುವಾಯ್ತು” ಎಂದಳು ಮಾರ್ಲೀನ್. ಹೊಸ ಹಾಳೆ ತಿರುವಿ, ಪಟ್ಟಿಯಲ್ಲಿದ್ದುದನ್ನು ಇದ್ದ ಹಾಗೇ ಬರೆದುಕೊಂಡಳು.